ಎರಡು ರಾತ್ರಿ ಒಂಟಿ ರೂಮು, ನಾಲ್ಕು ಗುಟುಕು ಅಯೋಡಿನ್: ನನ್ನ ರಿವ್ಯೂ

ಇದು ಓದುತ್ತಾ ಓದುತ್ತಾ ಲಾಡ್ಜ್ ರಿವ್ಯೂ ಥರ ಕಾಣಿಸಬಹುದು. ರೂಮು, ಊಟ, ಬಾತ್‌ರೂಮು ಎಲ್ಲದರ ಬಗ್ಗೆ ಬರೆದಿದ್ದೇನೆ. ಆದರೆ ನಾನು ಹೋಗಿದ್ದು ಬೆಂಗಳೂರಿನ ಒಂದು ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಾರ್ಡಿಗೆ. ಥೈರಾಯ್ಡ್ ಕ್ಯಾನ್ಸರ್ ಸರ್ಜರಿ ಆದಮೇಲೆ ಕೊಡುವ ರೇಡಿಯೋ ಅಯೋಡಿನ್ ತೆಗೆದುಕೊಳ್ಳೋಕೆ. ಆಸ್ಪತ್ರೆ ಹೆಸರು ಹಾಕಲ್ಲ, ಕೇಳಬೇಡಿ. ಬೈಗುಳವೂ ಇದೆ, ಹೊಗಳಿಕೆಯೂ ಇದೆ, ಎರಡೂ ಅವರಿಗೆ ಬಾಯಲ್ಲೇ ಹೇಳಿ ಬಂದಿದ್ದೇನೆ. ಇಲ್ಲಿ ಬರೆಯುತ್ತಿರೋದು ಮುಂದೆ ಹೋಗುವವರಿಗಾಗಿ, ಯಾಕಂದ್ರೆ ನಾನು ಹೋಗುವ ಮುಂಚೆ ಕನ್ನಡದಲ್ಲಿ ಹುಡುಕಿ ಹುಡುಕಿ ಸುಸ್ತಾದೆ, ಸಿಕ್ಕಿದ್ದೆಲ್ಲ "ವೈದ್ಯರನ್ನು ಸಂಪರ್ಕಿಸಿ" ಅನ್ನುವಲ್ಲಿಗೆ ಮುಗಿಯುತ್ತಿತ್ತು.

ಕಥೆ ಚಿಕ್ಕದಾಗಿ ಹೇಳುತ್ತೇನೆ. ಕನ್ನಡಿ ಮುಂದೆ ನಿಂತು ನೀರು ಕುಡಿಯುವಾಗ ಕತ್ತಿನಲ್ಲಿ ಏನೋ ಮೇಲೆ ಕೆಳಗೆ ಆಡಿದ ಹಾಗೆ ಕಂಡಿತು. ಸ್ಕ್ಯಾನು, ಸೂಜಿ ಟೆಸ್ಟು, ಪ್ಯಾಪಿಲ್ಲರಿ ಅನ್ನುವ ಥರದ ಥೈರಾಯ್ಡ್ ಕ್ಯಾನ್ಸರ್ ಅಂದರು, ಥೈರಾಯ್ಡ್ ಪೂರ್ತಿ ತೆಗೆದರು. ಸರ್ಜನ್ ಎಷ್ಟೇ ನಾಜೂಕಾಗಿ ತೆಗೆದರೂ ಒಂದಿಷ್ಟು ಥೈರಾಯ್ಡ್ ಜೀವಕೋಶ ಕತ್ತಿನಲ್ಲಿ ಉಳಿದಿರುತ್ತದೆ. ಅದನ್ನು ಸುಡೋಕೆ ಈ ಅಯೋಡಿನ್. ಎಲ್ಲರಿಗೂ ಬೇಕಾಗಲ್ಲ, ಸಣ್ಣ ಗಂಟು ಇದ್ದವರಿಗೆ ಎಷ್ಟೋ ಸಲ ಬೇಡ ಅನ್ನುತ್ತಾರೆ. ನನಗೆ ಬೇಕು ಅಂದರು, 100 ಮಿಲಿಕ್ಯೂರಿ ಅಂತ ಬರೆದುಕೊಟ್ಟರು. ಮಿಲಿಕ್ಯೂರಿ ಅಂದರೆ ವಿಕಿರಣ ಎಷ್ಟಿದೆ ಅನ್ನುವ ಅಳತೆ ಅಂತ ಆವತ್ತು ನನಗೂ ಗೊತ್ತಿರಲಿಲ್ಲ, ನಮ್ಮ ಮನೆಯವರು ಮಿಲಿಲೀಟರ್ ಅಂದುಕೊಂಡು "ಒಂದು ಲೋಟದಷ್ಟು ಕುಡೀಬೇಕಾ" ಅಂದರು.

ಇದು ಕೆಲಸ ಮಾಡುವ ರೀತಿ ಮಾತ್ರ ಬಹಳ ಸರಳ. ಅಯೋಡಿನ್ ಎಲ್ಲಿ ಸಿಕ್ಕರೂ ಥೈರಾಯ್ಡ್ ಅದನ್ನು ಹೀರಿಕೊಳ್ಳುತ್ತದೆ, ಅದರ ಹಾರ್ಮೋನಿಗೆ ಅದೇ ಕಚ್ಚಾವಸ್ತು. ಒಳಗೆ ಹೋದ ಅಯೋಡಿನ್ ಮಾಮೂಲಿಯದ್ದೋ ವಿಕಿರಣ ಸೂಸುವಂಥದ್ದೋ ಅಂತ ಅದಕ್ಕೆ ಗೊತ್ತಾಗಲ್ಲ. ಅಯೋಡಿನ್-131 ಹೋಗಿ ಆ ಜೀವಕೋಶದೊಳಗೆ ಕೂತು ಬೀಟಾ ಕಣ ಬಿಡುತ್ತದೆ. ಅದು ಮಾಂಸದೊಳಗೆ ಹೋಗೋದು ಹೆಚ್ಚೆಂದರೆ 2 ಮಿಲಿಮೀಟರ್. ಪಕ್ಕದ ಅನ್ನನಾಳ, ಧ್ವನಿಪೆಟ್ಟಿಗೆಗೆ ಅಷ್ಟಾಗಿ ತೊಂದರೆ ಇಲ್ಲ. ಜೊತೆಗೆ ಗಾಮಾ ಕಿರಣವೂ ಬರುತ್ತದೆ, ಅದು ಮೈ ದಾಟಿ ಹೊರಗೆ ಬರುವಂಥದ್ದು. ಮನೆಯವರನ್ನು ದೂರ ಇಡೋದು ಅದಕ್ಕೇ, ಆಮೇಲೆ ಸ್ಕ್ಯಾನ್‌ನಲ್ಲಿ ಫೋಟೋ ಸಿಗೋದೂ ಅದರಿಂದಲೇ.

ಹೊಸ ಪ್ರಯೋಗ ಏನೋ ಮಾಡುತ್ತಿದ್ದಾರೆ ಅಂತ ಹೆದರುವವರಿಗೆ ಒಂದು ಮಾತು. ಇದು ನಮ್ಮ ಅಜ್ಜಿ ಕಾಲದ ಚಿಕಿತ್ಸೆ. 1936ರಲ್ಲಿ ಬಾಸ್ಟನ್ನಿನ ಸಾಲ್ ಹರ್ಟ್ಜ್ ಅನ್ನುವ ಡಾಕ್ಟರು, ಒಂದು ಭಾಷಣ ಮುಗಿದ ಮೇಲೆ ಭೌತಶಾಸ್ತ್ರಜ್ಞ ಕಾರ್ಲ್ ಕಾಂಪ್ಟನ್ ಅವರನ್ನು, ಅಯೋಡಿನನ್ನು ವಿಕಿರಣ ಸೂಸುವ ಹಾಗೆ ಮಾಡೋಕೆ ಆಗುತ್ತಾ ಅಂತ ಕೇಳಿದರು. 1938ರಲ್ಲಿ ಲಿವಿಂಗುಡ್ ಮತ್ತು ಸೀಬೋರ್ಗ್ ಅನ್ನುವ ಅಮೆರಿಕದ ವಿಜ್ಞಾನಿಗಳು ಅಯೋಡಿನ್-131 ಕಂಡುಹಿಡಿದರು. 1941ರ ಮಾರ್ಚ್ ಕೊನೆಗೆ ಹರ್ಟ್ಜ್ ಮೊದಲ ರೋಗಿಗೆ ವಿಕಿರಣ ಅಯೋಡಿನ್ ಕೊಟ್ಟೇಬಿಟ್ಟರು. ಆ ರೋಗಿಗೆ ಇದ್ದದ್ದು ಕ್ಯಾನ್ಸರ್ ಅಲ್ಲ, ಥೈರಾಯ್ಡ್ ಜಾಸ್ತಿ ಕೆಲಸ ಮಾಡುವ ಕಾಯಿಲೆ. ಅದಕ್ಕೂ ಇವತ್ತಿಗೂ ಇದನ್ನೇ ಕೊಡುತ್ತಾರೆ, ಡೋಸ್ ಕಡಿಮೆ ಇರೋದರಿಂದ ಕುಡಿದು ಮನೆಗೆ ಹೋಗಬಹುದು.

ಈಗ ತಯಾರಿ. ರಿವ್ಯೂನಲ್ಲಿ ನಾನು ಜಾಸ್ತಿ ಅಂಕ ಕಳೆಯೋದು ಇಲ್ಲೇ.

ಚಿಕಿತ್ಸೆಗೆ ಮುಂಚೆ ಉಳಿದ ಜೀವಕೋಶಗಳನ್ನು ಅಯೋಡಿನ್‌ಗೆ ಹಸಿದಿರುವ ಹಾಗೆ ಇಡಬೇಕು. ಅದಕ್ಕೆ ಎರಡು ಕೆಲಸ. ಸುಮಾರು ನಾಲ್ಕು ವಾರ ಥೈರಾಯ್ಡ್ ಹಾರ್ಮೋನಿನ ಬದಲಿಗೆ ನುಂಗುವ ಥೈರಾಕ್ಸಿನ್ ಮಾತ್ರೆ ನಿಲ್ಲಿಸಬೇಕು, ರಕ್ತದಲ್ಲಿ ಥೈರಾಯ್ಡ್ ಜೀವಕೋಶವನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನು ಟಿಎಸ್‌ಎಚ್ 30 ದಾಟಬೇಕು. ಮಾತ್ರೆ ನಿಲ್ಲಿಸದೆ ಇಂಜೆಕ್ಷನ್ ತೆಗೆದುಕೊಳ್ಳುವ ದಾರಿಯೂ ಇದೆ, ದುಬಾರಿ, ನಾನು ತೆಗೆದುಕೊಳ್ಳಲಿಲ್ಲ. ಮಾತ್ರೆ ಇಲ್ಲದ ನಾಲ್ಕು ವಾರ ಹೇಗಿರುತ್ತದೆ ಅಂದರೆ, ಮೊದಲ ವಾರ ಏನೂ ಇಲ್ಲ, ಎರಡನೇ ವಾರ ಮೆಟ್ಟಿಲು ಹತ್ತುವಾಗ ಕಾಲಿಗೆ ಮರಳು ಚೀಲ ಕಟ್ಟಿದ ಹಾಗೆ, ಮೂರನೇ ವಾರ ಏಪ್ರಿಲ್ ಬಿಸಿಲಲ್ಲೂ ಸ್ವೆಟರ್, ನಾಲ್ಕನೇ ವಾರ ಮಗಳು ಕರೆದರೆ ಅವಳಿಗೆ ಉತ್ತರ ಕೊಡೋಕೆ ಮುಂಚೆ ನನಗೇ ಒಂದು ನಿಮಿಷ ಬೇಕಾಗುತ್ತಿತ್ತು. ಮುಖ ಬನ್ ಥರ ಊದಿತ್ತು.

ಎರಡನೇದು ಅಯೋಡಿನ್ ಕಡಿಮೆ ಇರುವ ಊಟ, ಎರಡು ವಾರ. ಆಸ್ಪತ್ರೆಯವರು ಕೊಟ್ಟದ್ದು ಒಂದೇ ಒಂದು ಇಂಗ್ಲಿಷ್ ಹಾಳೆ, ಅದರಲ್ಲಿ ಸೀಫುಡ್ ಬೇಡ, ಸೀವೀಡ್ ಬೇಡ ಅಂತ ಇತ್ತು. ನಾವು ದಾವಣಗೆರೆ ಕಡೆಯವರು, ಸಮುದ್ರದ ಪಾಚಿಯನ್ನು ಯಾವ ಜನ್ಮದಲ್ಲಿ ತಿಂದಿದ್ದೇವೆ? ನಮಗೆ ಹೊಡೆತ ಬೀಳೋದು ಉಪ್ಪಿನಿಂದ, ಹಾಲಿನಿಂದ. ಅಯೋಡೈಸ್ಡ್ ಉಪ್ಪು ಹಾಕಿದ ಯಾವುದೂ ಆಗಲ್ಲ. ಹಾಲು, ಮೊಸರು, ಮೊಟ್ಟೆಯ ಹಳದಿ, ಬೇಕರಿ ತಿಂಡಿ, ಹೋಟೆಲ್ ಊಟ ಆಗಲ್ಲ. ಅಂದರೆ ಕಾಫಿ ಹೋಯಿತು, ಮಜ್ಜಿಗೆ ಹೋಯಿತು. ಆಮೇಲೆ ಒಂದೊಂದೇ ಹೊಳೆಯೋಕೆ ಶುರುವಾಯಿತು. ಉಪ್ಪಿನಕಾಯಿ ಹೋದ ವರ್ಷದ ಉಪ್ಪಿನಲ್ಲಿ ಹಾಕಿದ್ದು. ಚಟ್ನಿಪುಡಿಯಲ್ಲಿ ಉಪ್ಪಿದೆ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ. ಕೊನೆಗೆ ಅತ್ತೆ ಸಾರಿಗೆ ಹುಣಸೆಹಣ್ಣು ನೆನೆಹಾಕಿ ಕೈ ನಿಲ್ಲಿಸಿ, "ಅಯ್ಯೋ, ಇದಕ್ಕೂ ಉಪ್ಪು ಸವರಿ ಇಟ್ಟಿದ್ದೀನಲ್ಲೇ" ಅಂದರು. ಆ ಹಾಳೆಯಲ್ಲಿ ಹುಣಸೆಹಣ್ಣಿನ ಬಗ್ಗೆ ಎಲ್ಲಿರುತ್ತೆ ಹೇಳಿ. ಎರಡು ವಾರ ನಿಂಬೆಹಣ್ಣಿನ ಹುಳಿಯಲ್ಲೇ ಸಾರು.

ಅಯೋಡಿನ್ ಇಲ್ಲದ ಉಪ್ಪು ಹುಡುಕೋದೇ ಒಂದು ಕೆಲಸ. ನಮ್ಮ ದೇಶದಲ್ಲಿ ಊಟದ ಉಪ್ಪನ್ನು ಅಯೋಡಿನ್ ಸೇರಿಸದೆ ಮಾರುವ ಹಾಗಿಲ್ಲ. ಒಳ್ಳೆ ಕಾರಣಕ್ಕೇ ಮಾಡಿದ ಕಾನೂನು, ಒಂದು ಕಾಲಕ್ಕೆ ಮಲೆನಾಡಿನ ಕಡೆ ಗಳಗಂಡ ಇದ್ದವರನ್ನು ನೋಡಿದ ಹಿರಿಯರು ಈಗಲೂ ಇದ್ದಾರೆ. ನಾಲ್ಕು ಕಿರಾಣಿ ಅಂಗಡಿ ಸುತ್ತಿದೆವು, ಕಲ್ಲುಪ್ಪಿನ ಪ್ಯಾಕೆಟ್ ಮೇಲೂ ಅಯೋಡೈಸ್ಡ್ ಅಂತಲೇ ಇತ್ತು. ಕೊನೆಗೆ ಗ್ರಂದಿಗೆ ಅಂಗಡಿಯಲ್ಲಿ ಅಯೋಡಿನ್ ಸೇರಿಸದ ಸೈಂಧವ ಲವಣ ಸಿಕ್ಕಿತು, ಪ್ಯಾಕೆಟ್ ಫೋಟೋ ಕಳಿಸಿ ಡಾಕ್ಟರ ಹತ್ತಿರ ಸರಿ ಅನ್ನಿಸಿಕೊಂಡು ಆಮೇಲೆ ಉಪಯೋಗಿಸಿದೆವು. ರಾಗಿ ಮುದ್ದೆ, ಅನ್ನ, ಬೇಳೆ, ಸೊಪ್ಪು, ತರಕಾರಿ, ಹಣ್ಣು, ಇಷ್ಟರಲ್ಲಿ ಹೊಟ್ಟೆ ತುಂಬುತ್ತದೆ, ಹೆದರಬೇಡಿ. ಕರೀ ಕಾಫಿ ಮಾತ್ರ ನನಗೆ ಕೊನೇವರೆಗೂ ಒಗ್ಗಲಿಲ್ಲ.

ಇಷ್ಟೆಲ್ಲ ಮಾಡಿ ಹೇಳಿದ ದಿನಕ್ಕೆ ಎರಡು ದಿನ ಮುಂಚೆ ಫೋನ್ ಬಂತು. ಡೋಸ್ ಇಲ್ಲ, ಮುಂದಿನ ವಾರ ಬನ್ನಿ.

ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅಯೋಡಿನ್-131 ಮೆಡಿಕಲ್ ಸ್ಟೋರಿನಲ್ಲಿ ಡಬ್ಬಿಯಲ್ಲಿ ಕೂತಿರುವ ಔಷಧಿ ಅಲ್ಲ. ರಿಯಾಕ್ಟರಿನೊಳಗೆ ಟೆಲ್ಲೂರಿಯಂ ಅನ್ನುವ ಧಾತುವಿಗೆ ನ್ಯೂಟ್ರಾನ್ ತಾಗಿಸಿ ತಯಾರಿಸುತ್ತಾರೆ. ನಮ್ಮಲ್ಲಿ ಮುಂಬೈಯ ಟ್ರಾಂಬೆಯಲ್ಲಿರುವ, 1985ರಲ್ಲಿ ಶುರುವಾದ ಧ್ರುವ ರಿಯಾಕ್ಟರ್ ಇಂಥ ಕೆಲಸ ಮಾಡುತ್ತದೆ, ಆಸ್ಪತ್ರೆಗಳಿಗೆ ಕಳಿಸೋದು ಅಣುಶಕ್ತಿ ಇಲಾಖೆಯ ಬ್ರಿಟ್ ಅನ್ನುವ ಸಂಸ್ಥೆ. ಇದರ ಅರ್ಧಾಯುಷ್ಯ 8 ದಿನ. ಇವತ್ತಿನ 100 ನಾಳೆಗೆ ಸುಮಾರು 92, ಎಂಟು ದಿನಕ್ಕೆ 50, ಹದಿನಾರಕ್ಕೆ 25. ಫ್ರಿಜ್‌ನಲ್ಲಿ ಇಟ್ಟರೂ ಅಷ್ಟೇ, ಬಿಸಿಲಲ್ಲಿ ಇಟ್ಟರೂ ಅಷ್ಟೇ, ಅದರ ಲೆಕ್ಕ ನಿಲ್ಲಲ್ಲ. ಹಾಗಾಗಿ ಯಾರಿಗೆ, ಯಾವ ದಿನ, ಎಷ್ಟು ಅಂತ ಮುಂಚೆಯೇ ಲೆಕ್ಕ ಹಾಕಿ ತರಿಸುತ್ತಾರೆ. ದಿನ ಕಳೆದ ಹಾಲಿನ ಹಾಗೆ, ತಡವಾದರೆ ಸುಮ್ನೆ ಹಾಳು.

ಇದೆಲ್ಲ ನನಗೆ ಅರ್ಥವಾಗುತ್ತದೆ. ಆದರೆ ನನ್ನ ವಿಷಯದಲ್ಲಿ ರಿಯಾಕ್ಟರ್ ತಪ್ಪೂ ಇರಲಿಲ್ಲ, ವಿಮಾನದ ತಪ್ಪೂ ಇರಲಿಲ್ಲ. ಆ ವಾರದ ಪಟ್ಟಿಯಲ್ಲಿ ನನ್ನ ಹೆಸರೇ ಸೇರಿರಲಿಲ್ಲ. ಫ್ರಂಟ್ ಆಫೀಸಿನ ಹುಡುಗಿ ಇನ್ನೊಬ್ಬರಿಗೆ ಹೇಳಿದ್ದಳು, ಅವರು ರಜೆ. ಪರಿಣಾಮ ಏನು, ಇನ್ನೊಂದು ವಾರ ಮಾತ್ರೆ ಇಲ್ಲ, ಇನ್ನೊಂದು ವಾರ ಮೊಸರಿಲ್ಲ, ಇನ್ನೊಂದು ವಾರ ಸ್ವೆಟರು. ಅಷ್ಟು ದೂರದಲ್ಲಿ ನ್ಯೂಟ್ರಾನ್ ಎಣಿಸಿ ಕಳಿಸುವವರಿದ್ದಾರೆ, ಇಲ್ಲಿ ಪಟ್ಟಿಯಲ್ಲಿ ಒಂದು ಹೆಸರು ಬರೆಯೋಕೆ ಆಗಲಿಲ್ಲ. ಇದಕ್ಕೆ ಒಂದು ಸ್ಟಾರ್ ಪೂರ್ತಿ ಕಟ್. ನೀವು ಹೋಗುವುದಾದರೆ ಹತ್ತು ದಿನ ಮುಂಚೆ ಒಮ್ಮೆ, ಐದು ದಿನ ಮುಂಚೆ ಒಮ್ಮೆ ಫೋನ್ ಮಾಡಿ, "ನನ್ನ ಡೋಸ್ ಆರ್ಡರ್ ಆಗಿದೆಯಾ" ಅಂತ ಇದೇ ಮಾತಿನಲ್ಲಿ ಕೇಳಿ. "ಅಪಾಯಿಂಟ್‌ಮೆಂಟ್ ಇದೆಯಾ" ಅಂತ ಕೇಳಿದರೆ ಇದೆ ಅಂತಲೇ ಅನ್ನುತ್ತಾರೆ, ಅದು ಬೇರೆ ರಿಜಿಸ್ಟರು.

ಇನ್ಶೂರೆನ್ಸ್‌ನವರದು ಇನ್ನೊಂದು ತಮಾಷೆ. ಎರಡು ದಿನ ಅಡ್ಮಿಟ್ ಆಗಿ ಕುಡಿದದ್ದು ನಾಲ್ಕು ಗುಟುಕು ಔಷಧಿ, ಅದಕ್ಕೆ ಅಡ್ಮಿಷನ್ ಯಾಕೆ ಅಂತ ಪ್ರಶ್ನೆ. ದೊಡ್ಡ ಡೋಸ್ ಕುಡಿದವರನ್ನು ಹೊರಗೆ ಬಿಡೋಕೆ ನಿಯಮದಲ್ಲಿ ಅವಕಾಶವಿಲ್ಲ ಅಂತ ಆಸ್ಪತ್ರೆಯಿಂದ ಪತ್ರ ಬರೆಸಿಕೊಟ್ಟ ಮೇಲೆ ಒಪ್ಪಿದರು. ಆ ಪತ್ರ ಮುಂಚೆಯೇ ತೆಗೆದಿಟ್ಟುಕೊಳ್ಳಿ.

ಕೊನೆಗೂ ಆ ಮಂಗಳವಾರ ಬಂತು. ಬೆಳಗ್ಗೆ ನಾಲ್ಕೈದು ಜನ ಕಾಯುತ್ತಾ ಕೂತಿದ್ದೆವು. ಪಕ್ಕದಲ್ಲಿ ಕೊಪ್ಪಳ ಕಡೆಯ ಒಬ್ಬ ಅಜ್ಜಿ, ಇಳಕಲ್ ಸೀರೆ, ಜೊತೆಗೆ ಮಗ. ನನ್ನ ಕಡೆ ಬಗ್ಗಿ ಮೆಲ್ಲಗೆ, "ಯವ್ವಾ, ಇದನ್ನ ಕುಡದ್ರ ಮೈ ಹೊಳಿತೈತಂತ, ಖರೇ ಏನು?" ಅಂದರು. ಹೊಳೆಯಲ್ಲ ಅಜ್ಜಿ, ಕಣ್ಣಿಗೆ ಏನೂ ಕಾಣಿಸಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಮೊಮ್ಮಗನ್ನ ಎತ್ತಿಕೊಳ್ಳಾಕ ಯಾವಾಗ ಬಿಡ್ತಾರ?" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಅಜ್ಜಿಗೆ ಇಂಗ್ಲಿಷ್ ಹಾಳೆ ಕೊಟ್ಟು ಸಹಿ ಹಾಕಿಸಿಕೊಂಡಿದ್ದರು, ಹೆಬ್ಬೆಟ್ಟು.

ಈಗ ಹೊಗಳುವ ಭಾಗ. ಅಲ್ಲಿ ರೇಡಿಯೇಷನ್ ಸೇಫ್ಟಿ ಆಫೀಸರ್ ಅಂತ ಒಬ್ಬ ಹುಡುಗ ಇದ್ದಾನೆ, ವಯಸ್ಸು ಮೂವತ್ತು ದಾಟಿರಲ್ಲ, ಎದೆ ಮೇಲೆ ಬಿಲ್ಲೆ ಥರದ ಬ್ಯಾಡ್ಜ್, ಅವನಿಗೆ ಎಷ್ಟು ವಿಕಿರಣ ತಗುಲಿದೆ ಅಂತ ಲೆಕ್ಕ ಇಡುವಂಥದ್ದು. ಆ ವಾರ್ಡಿನಲ್ಲಿ ಪೂರ್ತಿ ಸರಿಯಾಗಿ ಕೆಲಸ ಮಾಡುತ್ತಿದ್ದವನು ಅವನೊಬ್ಬನೇ ಅನ್ನಿಸಿತು ನನಗೆ. ಅಜ್ಜಿಯ ಪ್ರಶ್ನೆಯನ್ನು ಅವನಿಗೆ ದಾಟಿಸಿದೆ. ಬಂದು ಅಜ್ಜಿ ಎದುರು ಕುರ್ಚಿ ಹಾಕಿಕೊಂಡು ಕೂತು ಹೇಳಿದ. ಮನೆಗೆ ಹೋದ ಮೇಲೂ ಒಂದು ವಾರದ ಮೇಲೆ ಮೂರ್ನಾಲ್ಕು ದಿನ ಮಗುವನ್ನು ಮಡಿಲಲ್ಲಿ ಕೂರಿಸಬೇಡಿ, ಪಕ್ಕ ಮಲಗಿಸಬೇಡಿ. ಪಡಸಾಲೆಯ ಆ ಕಡೆ ಮಗು ಈ ಕಡೆ ನೀವು ಕೂತು ಮಾತಾಡಿ, ಏನೂ ಆಗಲ್ಲ. ಒಂದು ಮೀಟರ್‌ನಿಂದ ಎರಡು ಮೀಟರ್‌ಗೆ ಹೋದರೆ ತಗುಲೋದು ಅರ್ಧ ಅಲ್ಲ, ಕಾಲು ಭಾಗ. ಅಜ್ಜಿ ತಲೆ ಆಡಿಸಿ, "ಒಲಿ ಹಂಗ, ಸರದಷ್ಟೂ ಕಾವು ಕಡಿಮಿ" ಅಂದರು. ಅವನು ನಕ್ಕ. ನನಗೂ ಆಗಲೇ ಸರಿಯಾಗಿ ಅರ್ಥವಾಗಿದ್ದು.

ರೂಮು ಹೇಗಿತ್ತು ಅಂದರೆ, ಬಾಗಿಲು ತಳ್ಳಿದರೆ ಭಾರ, ಒಳಗೆ ಸೀಸದ ತಗಡು. ಗೋಡೆ ದಪ್ಪ. ಮೂಲೆಯಲ್ಲಿ ಕ್ಯಾಮೆರಾ, ಮಂಚದ ಪಕ್ಕ ಇಂಟರ್‌ಕಾಮ್. ಟೀವಿ ರಿಮೋಟು, ಫೋನು, ಸ್ವಿಚ್ಚು, ಬಾಗಿಲ ಹಿಡಿ ಎಲ್ಲದಕ್ಕೂ ಪ್ಲಾಸ್ಟಿಕ್ ಸುತ್ತಿದ್ದರು. ಬೆವರಲ್ಲಿ, ಎಂಜಲಲ್ಲಿ, ಮೂತ್ರದಲ್ಲಿ ಅಯೋಡಿನ್ ಹೊರಗೆ ಬರುತ್ತದೆ, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ. ಒಳಗೆ ತಂದ ಸಾಮಾನು ವಾಪಸ್ ಒಯ್ಯೋಕೆ ಆಗದೆ ಹೋಗಬಹುದು ಅಂತ ಮುಂಚೆಯೇ ಹೇಳಿದ್ದರು, ನಾನು ಹಳೇ ನೈಟಿ, ಹಳೇ ಟವೆಲ್, ಒಂದು ಹಳೇ ವಾರಪತ್ರಿಕೆ ತಂದಿದ್ದೆ. ಮಾಂಗಲ್ಯ, ಬಳೆ ಬಿಚ್ಚಿ ಅತ್ತೆ ಕೈಗೆ ಕೊಟ್ಟು ಅರಿಶಿನ ದಾರ ಕಟ್ಟಿಕೊಂಡಿದ್ದೆ, ಇದು ಅತ್ತೆ ಐಡಿಯಾ. ಸ್ವಚ್ಛತೆಗೆ ಪೂರ್ತಿ ಅಂಕ. ಕಿಟಕಿ ಇಲ್ಲ, ಅದಕ್ಕೆ ಅರ್ಧ ಕಳೆಯುತ್ತೇನೆ, ಅನ್ಯಾಯ ಅಂತ ಗೊತ್ತಿದ್ದೂ.

ಔಷಧಿ ಬಂದದ್ದು ಟ್ರಾಲಿಯಲ್ಲಿ. ದಪ್ಪ ಸೀಸದ ಗಡಿಗೆ, ಕುಕ್ಕರ್‌ಗಿಂತ ಚಿಕ್ಕದು, ಆದರೆ ಅವನು ಎರಡು ಕೈಯಲ್ಲಿ ಎತ್ತಿದ್ದು ನೋಡಿದರೆ ಭಾರ ಗೊತ್ತಾಗುತ್ತಿತ್ತು. ಒಳಗೆ ಹೆಬ್ಬೆರಳಿನಷ್ಟು ಗಾಜಿನ ಬಾಟಲಿ, ಅದರಿಂದ ಹೊರಗೆ ಬಂದ ಒಂದು ಸ್ಟ್ರಾ. ಹೆಸರು ಕೇಳಿದ, ಹುಟ್ಟಿದ ದಿನ ಕೇಳಿದ, ಪ್ರೆಗ್ನೆನ್ಸಿ ಟೆಸ್ಟ್ ರಿಪೋರ್ಟ್ ಇನ್ನೊಮ್ಮೆ ನೋಡಿದ, ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತು, "ಮೇಡಂ, ಚೆಲ್ಲದ ಹಾಗೆ ಎಳೀರಿ" ಅಂದ. ಎಳನೀರು ಕುಡಿಯುವ ಹಾಗೆ ಎಳೆದೆ. ರುಚಿ ಏನೂ ಇಲ್ಲ, ಬೋರ್‌ವೆಲ್ ನೀರಿಗಿಂತ ಸಪ್ಪೆ. ಅದೇ ಬಾಟಲಿಗೆ ನೀರು ಹಾಕಿ ಇನ್ನೊಮ್ಮೆ ಕುಡಿಸಿದ, ಮತ್ತೊಮ್ಮೆ ಕುಡಿಸಿದ, ತಳದಲ್ಲಿ ಉಳಿಯಬಾರದು ಅಂತ. ನಾಲ್ಕು ಗುಟುಕು ಅಷ್ಟೇ. ಮೂರು ತಿಂಗಳಿಂದ ಇದಕ್ಕಾಗಿ ಹೆದರಿದ್ದೆ, ಒಂದು ನಿಮಿಷದಲ್ಲಿ ಮುಗಿದುಹೋಯಿತು. ಬಾಗಿಲು ಮುಚ್ಚಿತು.

ಆಮೇಲೆ ಮಾಡುವ ಕೆಲಸ ಅಂದರೆ ನೀರು ಕುಡಿಯೋದು, ಬಾತ್‌ರೂಮಿಗೆ ಹೋಗೋದು. ಥೈರಾಯ್ಡ್ ಹಿಡಿದುಕೊಳ್ಳದ ಅಯೋಡಿನ್ ಹೆಚ್ಚಿನ ಪಾಲು ಮೊದಲ ಎರಡು ದಿನದಲ್ಲೇ ಮೂತ್ರದಲ್ಲಿ ಹೋಗುತ್ತದೆ. ಪ್ರತಿಸಲ ಎರಡು ಸಲ ಫ್ಲಶ್, ದಿನಕ್ಕೆ ಎರಡು ಮೂರು ಸ್ನಾನ. ಆ ಫ್ಲಶ್ ನೀರು ಊರಿನ ಚರಂಡಿಗೆ ನೇರ ಹೋಗಲ್ಲ, ಇದು ನನಗೆ ಬಹಳ ಇಷ್ಟವಾದ ವಿಷಯ. ಬೇರೆ ಟ್ಯಾಂಕ್ ಇದೆ, ಅದರಲ್ಲಿ ಮುಚ್ಚಿಟ್ಟು ಕಾಯುತ್ತಾರೆ. ಹತ್ತು ಅರ್ಧಾಯುಷ್ಯ ಕಳೆದರೆ, ಅಂದರೆ 80 ದಿನಕ್ಕೆ, ಸಾವಿರದಲ್ಲಿ ಒಂದು ಪಾಲು ಉಳಿದಿರುತ್ತದೆ. ಔಷಧಿ ಇಲ್ಲ, ಯಂತ್ರ ಇಲ್ಲ, ಸುಮ್ನೆ ಕಾಯೋದು. ಇದನ್ನು ಇಂಟರ್‌ಕಾಮ್‌ನಲ್ಲಿ ಕೇಳಿ ತಿಳಿದುಕೊಂಡು ರಾತ್ರಿ ಮನೆಗೆ ಫೋನಿನಲ್ಲಿ ಹೇಳಿದೆ. ಅತ್ತೆ 80 ದಿನ ಅನ್ನೋದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು, ಅದು ಮುಂದೆ ಬರುತ್ತದೆ.

ಊಟ. ಗೋಡೆಯಲ್ಲಿ ಒಂದು ಚಿಕ್ಕ ಕಿಂಡಿ, ಅದರಲ್ಲಿ ತಟ್ಟೆ ಇಟ್ಟು ಬೆಲ್ ಒತ್ತಿ ಹೋಗುತ್ತಾರೆ. ಮೊದಲ ಮಧ್ಯಾಹ್ನ ಕಿಂಡಿ ತೆಗೆದರೆ ಮೊಸರನ್ನ, ಉಪ್ಪಿನಕಾಯಿ, ಎರಡು ಬಿಸ್ಕತ್ತು. ಮೂರು ವಾರ ನಾನು ಕಣ್ಣೆತ್ತಿ ನೋಡದ ಮೂರೂ ಐಟಮ್ ಒಂದೇ ತಟ್ಟೆಯಲ್ಲಿ! ಇವರೇ ಬೇಡ ಅಂದಿದ್ದು, ಇವರೇ ಕಳಿಸಿದ್ದು. ಡೋಸ್ ಆದ ಮೇಲೂ ಒಂದೆರಡು ದಿನ ಪಥ್ಯ ಮುಂದುವರಿಸಿ ಅಂತ ನನ್ನ ಡಾಕ್ಟರು ಬರೆದಿದ್ದರು. ಫೋನ್ ಮಾಡಿದೆ, ಅಡುಗೆಮನೆಯವರಿಗೆ ಗೊತ್ತಿಲ್ಲ, ನರ್ಸ್ ಡಯೆಟಿಷಿಯನ್ ಅಂದರು, ಡಯೆಟಿಷಿಯನ್ "ಸಾಫ್ಟ್ ಡಯೆಟ್ ಅಂತ ಹಾಕಿದ್ದಾರೆ" ಅಂದರು. ಕೊನೆಗೆ ಬಾಳೆಹಣ್ಣು, ಉಪ್ಪಿಲ್ಲದ ಅನ್ನ, ಬೇಯಿಸಿದ ಬೇಳೆ ಬಂತು, ಮೂರು ಗಂಟೆಗೆ. ಊಟಕ್ಕೆ ಸೊನ್ನೆ ಹಾಕೋಣ ಅಂದುಕೊಂಡಿದ್ದೆ, ಎರಡನೇ ದಿನ ಸರಿಮಾಡಿಕೊಂಡರು, ಹಾಗಾಗಿ ಒಂದು.

ಒಂಟಿ ರೂಮಿನಲ್ಲಿ ಕೂತರೆ ಕಂಡಿದ್ದೆಲ್ಲ ಓದುವ ಚಟ ಬರುತ್ತದೆ. ಕೈಗವಸಿನ ಪ್ಯಾಕೆಟ್ ಓದಿದೆ. ಗಾಮಾ ಕಿರಣದಿಂದ ಸ್ಟೆರಿಲೈಸ್ ಮಾಡಿದ್ದು ಅಂತ ಮೂಲೆಯಲ್ಲಿ ಸಣ್ಣಕ್ಷರ. ಸಿರಿಂಜು, ಡ್ರೆಸಿಂಗು, ಇಂಥದ್ದನ್ನೆಲ್ಲ ಪ್ಯಾಕ್ ಮಾಡಿದ ಮೇಲೆ ಕೋಬಾಲ್ಟ್-60ರ ಎದುರು ಹಾಯಿಸುತ್ತಾರೆ, ಪ್ಯಾಕೆಟ್ ಒಡೆಯದೆ ಒಳಗಿನ ಕ್ರಿಮಿ ಸಾಯುತ್ತದೆ, ಟ್ರಾಂಬೆಯಲ್ಲಿ 1974ರಿಂದ ಈ ಕೆಲಸ ನಡೆದಿದೆಯಂತೆ. ಹಾಗೆ ನೋಡಿದರೆ ಸರ್ಜರಿ ದಿನ ನನ್ನ ಕತ್ತಿನ ಮೇಲೆ ಅಂಟಿಸಿದ್ದ ಬ್ಯಾಂಡೇಜೂ ಅಣು ವಿಜ್ಞಾನದ ಮನೆಯಿಂದಲೇ ಬಂದಿರಬೇಕು. ಭಾವನಿಗೆ ಫೋನ್‌ನಲ್ಲಿ ಇದನ್ನು ಹೇಳಿದರೆ ಅವರು, "ನಾವು ಹಾಕೋ ಶೇಂಗಾನೂ ಅಲ್ಲಿದೇ ಅಲ್ವಾ" ಅಂದರು. ಟಿಎಜಿ-24 ತಳಿ, ಟ್ರಾಂಬೆಯ ವಿಜ್ಞಾನಿಗಳು ವಿಕಿರಣದಿಂದ ಬದಲಾದ ಗಿಡಗಳನ್ನು ಆರಿಸಿ, ಅವುಗಳನ್ನು ತಳಿಗೆ ಸೇರಿಸಿ ಮಾಡಿದ್ದು. ಕಾಳಿನಲ್ಲಿ ವಿಕಿರಣ ಏನೂ ಇರಲ್ಲ, ಬದಲಾಗಿದ್ದು ಗಿಡದ ಗುಣ ಮಾತ್ರ. ಬೇಸಿಗೆ ಬೆಳೆಗೆ ಅದನ್ನೇ ನಂಬಿಕೊಂಡಿದ್ದಾರೆ ನಮ್ಮ ಭಾವ. ಅಣು ಅಂದರೆ ಮುಖ ಸಿಂಡರಿಸುತ್ತಿದ್ದ ನಾನು ಅದರ ಶೇಂಗಾ ಚಟ್ನಿ ಎಷ್ಟು ವರ್ಷದಿಂದ ತಿಂದಿದ್ದೇನೋ.

ಚಿಕ್ಕಪ್ಪನ ಮಗ ಕೈಗಾದಲ್ಲಿ ಕೆಲಸದಲ್ಲಿದ್ದಾನೆ. ಅವನು ಫೋನ್ ಮಾಡಿದರೆ ಮೊದಲು ಕೈಗಾ ಮೊದಲನೇ ಘಟಕ 962 ದಿನ ನಿಲ್ಲದೆ ಓಡಿದ ಕಥೆ, 2018ರ ಕೊನೇ ದಿನ ನಿಲ್ಲಿಸಿದ್ದು, ಆಗ ಅದು ವಿಶ್ವದಾಖಲೆ, ಎಲ್ಲ ಹೇಳಿಯೇ ಬೇರೆ ಮಾತು. ಆವತ್ತು ಮಾತ್ರ ಒಂದು ವಿಷಯ ಹೇಳಿದ, ತಲೆಯಲ್ಲಿ ಕೂತುಬಿಟ್ಟಿದೆ. ಅಣು ಸ್ಥಾವರದ ತುರ್ತು ಸಿದ್ಧತೆಯಲ್ಲಿ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ಇರುತ್ತದೆ. ಅಪಘಾತವಾದರೆ ಹೊರಗೆ ಬರುವುದರಲ್ಲಿ ಇದೇ ಅಯೋಡಿನ್-131 ಇರುತ್ತದೆ. ಆ ಮಾತ್ರೆ ನುಂಗಿದರೆ ಥೈರಾಯ್ಡ್ ಒಳ್ಳೆ ಅಯೋಡಿನ್‌ನಿಂದ ತುಂಬಿಕೊಂಡು, ಕೆಟ್ಟದ್ದಕ್ಕೆ ಜಾಗ ಇರಲ್ಲ. 1986ರಲ್ಲಿ ಚೆರ್ನೋಬಿಲ್ ಸುತ್ತಮುತ್ತ ಹುಲ್ಲಿನಿಂದ ಹಸುವಿಗೆ, ಹಸುವಿನ ಹಾಲಿನಿಂದ ಮಕ್ಕಳಿಗೆ ಇದು ಹೋಯಿತು, ಆಮೇಲೆ ಸಾವಿರಾರು ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು. ಅಂದರೆ ಅವರಿಗೆ ಗ್ರಂಥಿ ತುಂಬಿರಬೇಕಿತ್ತು, ನನಗೆ ಹಸಿದಿರಬೇಕಿತ್ತು. ಅಲ್ಲಿ ಕ್ಯಾನ್ಸರ್ ತಂದ ವಸ್ತುವನ್ನೇ ಇಲ್ಲಿ ನಾನು ದುಡ್ಡು ಕೊಟ್ಟು ಕ್ಯಾನ್ಸರ್‌ಗೆ ಕುಡಿದು ಕೂತಿದ್ದೆ. ಆ ರಾತ್ರಿ ನಿದ್ದೆ ತಡವಾಗಿ ಬಂತು, ಹೆದರಿಕೆಯಿಂದಲೋ ನೀರು ಕುಡಿದು ಕುಡಿದು ಏಳುತ್ತಿದ್ದದ್ದರಿಂದಲೋ ಗೊತ್ತಿಲ್ಲ.

ಪಕ್ಕಪರಿಣಾಮ ನನಗೆ ಆಗಿದ್ದು ಹೇಳುತ್ತೇನೆ, ನಿಮಗೆ ಬೇರೆ ಇರಬಹುದು. ಮೊದಲ ದಿನ ಸ್ವಲ್ಪ ಹೊಟ್ಟೆ ತೊಳಸುವಿಕೆ. ಎರಡನೇ ದಿನ ಕಿವಿ ಕೆಳಗೆ, ದವಡೆ ಹತ್ತಿರ ಊತ, ನೋವು. ಜೊಲ್ಲು ಗ್ರಂಥಿಗಳೂ ಅಯೋಡಿನ್ ಹಿಡಿದುಕೊಳ್ಳುತ್ತವೆ. ಮರುದಿನದಿಂದ ಹುಳಿ ಚೀಪಿ ಅಂದಿದ್ದರು, ನಿಂಬೆ ಹೋಳು, ಬೆಟ್ಟದ ನೆಲ್ಲಿಕಾಯಿ ತಂದಿದ್ದೆ. ನಾಲಿಗೆ ರುಚಿ ಸುಮಾರು ಒಂದೂವರೆ ತಿಂಗಳು ಕೆಟ್ಟಿತ್ತು. ಇದನ್ನು ಯಾರೂ ಮುಂಚೆ ಹೇಳಿರಲಿಲ್ಲ. ಮನೆಗೆ ಬಂದು ಆಸೆಯಿಂದ ಮೊದಲ ಫಿಲ್ಟರ್ ಕಾಫಿ ಕುಡಿದರೆ ಬಿಸಿನೀರಿಗೆ ತುಕ್ಕು ಕದಡಿದ ಹಾಗಿತ್ತು, ಅತ್ತು ಬಿಟ್ಟೆ.

ಬಿಡುಗಡೆ ಹೇಗೆ ಅಂದರೆ, ಆ ಹುಡುಗ ದಿನಕ್ಕೊಮ್ಮೆ ಬಾಗಿಲಲ್ಲಿ ಮೀಟರ್ ಹಿಡಿದು ನಿಲ್ಲುತ್ತಾನೆ. ನೆಲದ ಮೇಲೆ ಒಂದು ಮೀಟರ್ ದೂರಕ್ಕೆ ಗೆರೆ ಎಳೆದಿದ್ದಾರೆ, ಅಲ್ಲಿ ನಿಲ್ಲಬೇಕು. ಕುಡಿದ ತಕ್ಷಣ ಗಂಟೆಗೆ 158 ಮೈಕ್ರೋಸೀವರ್ಟ್, ಅಂದರೆ ಅಷ್ಟು ದೂರದಲ್ಲಿ ನಿಂತವರಿಗೆ ತಗುಲುವ ವಿಕಿರಣದ ಅಳತೆ. ಮರುದಿನ 61. ಗುರುವಾರ ಬೆಳಗ್ಗೆ 19, ಮನೆಗೆ ಬಿಡುವಷ್ಟು ಕಡಿಮೆ. ಅವನು ಪ್ರತಿಸಲ ನಂಬರನ್ನು ಜೋರಾಗಿ ಓದಿ, ಚೀಟಿಯಲ್ಲಿ ಬರೆದು ಗಾಜಿಗೆ ಹಿಡಿದು ತೋರಿಸುತ್ತಿದ್ದ. ಇದೊಂದಕ್ಕೇ ಅವನಿಗೆ ಐದಕ್ಕೆ ಐದು. ಏನು ನಡೆಯುತ್ತಿದೆ ಅಂತ ರೋಗಿಗೆ ಅಂಕೆಯಲ್ಲಿ ತೋರಿಸಿದರೆ ಎಷ್ಟು ಧೈರ್ಯ ಬರುತ್ತದೆ ಅಂತ ಉಳಿದ ಸ್ಟಾಫಿಗೆ ಯಾರಾದರೂ ಹೇಳಬೇಕು. ಹೋಗುವಾಗ ಒಂದು ಪತ್ರ ಕೊಟ್ಟ, ಕೆಲವು ವಾರದೊಳಗೆ ವಿಮಾನ ನಿಲ್ದಾಣಕ್ಕೆ ಹೋದರೆ ವಿಕಿರಣ ಪತ್ತೆಹಚ್ಚುವ ಯಂತ್ರ ಕೂಗಬಹುದು, ಆಗ ತೋರಿಸಿ ಅಂತ. ಆರು ತಿಂಗಳು ಗರ್ಭ ಧರಿಸಬಾರದು ಅನ್ನೋದನ್ನೂ ಬಿಡಿಸಿ ಹೇಳಿದ.

ನನಗೆ ಕಾರಿನ ಹಿಂದಿನ ಸೀಟಿನ ಎಡಮೂಲೆ, ಮನೆಯವರು ಡ್ರೈವರ್ ಸೀಟು, ನಲವತ್ತು ನಿಮಿಷ, ಮನೆಯಲ್ಲಿ ಬೇರೆ ರೂಮು, ಬೇರೆ ಬಾತ್‌ರೂಮು. ಮಗಳು ನನ್ನ ಅಮ್ಮನ ಮನೆಗೆ. ಎಲ್ಲ ಸಲೀಸು. ಆದರೆ ಅದೇ ಬೆಳಗ್ಗೆ ಕಾರಿಡಾರಿನಲ್ಲಿ ಅಜ್ಜಿಯ ಮಗ ಬಸ್ ಟೈಮ್ ನೋಡುತ್ತಾ ನಿಂತಿದ್ದ. ಹಾಳೆಯಲ್ಲಿ ಏನಿದೆ ಅಂದರೆ, ಕೆಲವು ದಿನ ಜನಜಂಗುಳಿಯ ವಾಹನದಲ್ಲಿ ದೂರ ಪ್ರಯಾಣ ಬೇಡ, ಬೇರೆ ಕೋಣೆಯಲ್ಲಿ ಮಲಗಿ, ಬೇರೆ ಶೌಚಾಲಯ ಬಳಸಿ. ಬೆಂಗಳೂರಿನಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಒಂದು ಇಡೀ ರಾತ್ರಿ, ಪಕ್ಕದ ಸೀಟಿನಲ್ಲಿ ಬಸುರಿ ಕೂತರೂ ಯಾರಿಗೆ ಗೊತ್ತು? ಮನೆ ಎರಡು ಅಂಕಣದ್ದು ಅಂದ. ಈ ಸೇವೆಯನ್ನು ರೂಪಿಸಿದವರ ಮನಸ್ಸಿನಲ್ಲಿ ಇರೋದು ನನ್ನಂಥವರು, ಕಾರು ಇರುವವರು. ಆ ಹುಡುಗನೇ ಓಡಾಡಿ ಅಜ್ಜಿಯನ್ನು ಇನ್ನೊಂದು ದಿನ ವಾರ್ಡಿನಲ್ಲೇ ಉಳಿಸಿಕೊಂಡ, ಆಮೇಲೆ ಪಕ್ಕದ ಛತ್ರದಲ್ಲಿ ಬೇರೆ ರೂಮು ಹುಡುಕಿಕೊಟ್ಟನಂತೆ. ಅದು ಅವನ ಕೆಲಸ ಅಲ್ಲ. ಯಾರ ಕೆಲಸ ಅಂತ ಕೌಂಟರಿನಲ್ಲಿ ಕೇಳಿದೆ, ಸೋಶಿಯಲ್ ವರ್ಕರ್ ಪೋಸ್ಟ್ ಖಾಲಿ ಇದೆ ಅಂದರು.

ಒಂದು ವಾರ ಬಿಟ್ಟು ಸ್ಕ್ಯಾನ್. ಇಂಜೆಕ್ಷನ್ ಏನಿಲ್ಲ, ಒಳಗಿರೋ ಅಯೋಡಿನ್ನೇ ಸಾಕು, ಗಾಮಾ ಕ್ಯಾಮೆರಾ ಕೆಳಗೆ ಅಲ್ಲಾಡದೆ ಮಲಗಬೇಕು. ಡಾಕ್ಟರು ಚಿತ್ರ ತೋರಿಸಿದರು. ಕಪ್ಪು ಬಿಳುಪು, ಮನುಷ್ಯನ ಆಕಾರ ಇದ್ದೂ ಇಲ್ಲದ ಹಾಗೆ. ದವಡೆ ಹತ್ತಿರ ಕಪ್ಪು, ಹೊಟ್ಟೆ ಕಪ್ಪು, ಮೂತ್ರಕೋಶ ಕಪ್ಪು, ಇವೆಲ್ಲ ಮಾಮೂಲಿ ಅಂದರು. ಕತ್ತಿನಲ್ಲಿ ಸಾಸಿವೆ ಕಾಳಿನಂಥ ಎರಡು ಚುಕ್ಕೆ. ಉಳಿದಿದ್ದ ಥೈರಾಯ್ಡ್ ಅದೇ, ಔಷಧಿ ಅಲ್ಲೇ ಹೋಗಿ ಕೂತಿದೆ. ಎದೆಯಲ್ಲಿ, ಮೂಳೆಯಲ್ಲಿ ಎಲ್ಲೂ ಇಲ್ಲ. ನನ್ನ ಮನೆಯವರು ಆ ಚುಕ್ಕೆಗಳನ್ನೇ ತುಂಬಾ ಹೊತ್ತು ನೋಡುತ್ತಾ ನಿಂತರು.

ಒಟ್ಟು ಸ್ಟಾರ್ ಕೇಳುತ್ತೀರಲ್ಲ. ಚಿಕಿತ್ಸೆ, ಮೀಟರ್ ಹುಡುಗ, ಸ್ವಚ್ಛತೆಗೆ ಐದು. ಮುಂಗಡ ಮಾಹಿತಿಗೆ ಒಂದು, ಊಟಕ್ಕೆ ಒಂದು, ಫ್ರಂಟ್ ಆಫೀಸಿಗೆ ಒಂದನ್ನೂ ಮನಸ್ಸಿಲ್ಲದೆ ಕೊಡುತ್ತಿದ್ದೇನೆ. ಸರಾಸರಿ ನೀವೇ ತೆಗೆದುಕೊಳ್ಳಿ. ಮತ್ತೆ ಬೇಕಾದರೆ ಅಲ್ಲಿಗೇ ಹೋಗುತ್ತೀರಾ ಅಂದರೆ, ಹೋಗುತ್ತೇನೆ, ಡಬ್ಬಿಯಲ್ಲಿ ಮನೆ ಊಟ ಕಟ್ಟಿಸಿಕೊಂಡು, ಅಯೋಡಿನ್ ಆರ್ಡರ್ ಆಗಿದೆ ಅನ್ನುವ ಮಾತನ್ನು ಮೆಸೇಜಿನಲ್ಲಿ ಬರೆಸಿಕೊಂಡು. ಕನ್ನಡದಲ್ಲಿ ಒಂದು ಹಾಳೆ ನಾನೇ ಬರೆದುಕೊಟ್ಟು ಬಂದಿದ್ದೇನೆ, ಉಪ್ಪಿನಕಾಯಿ, ಚಟ್ನಿಪುಡಿ, ಹುಣಸೆಹಣ್ಣು ಎಲ್ಲ ಸೇರಿಸಿ. ಹಂಚುತ್ತೇವೆ ಅಂದಿದ್ದಾರೆ. ಯಾರಿಗಾದರೂ ಸಿಕ್ಕಿದರೆ ಹೇಳಿ.

ಮಾತ್ರೆ ಮತ್ತೆ ಶುರುವಾಗಿದೆ, ಮುಖದ ಊತ ಇಳಿದಿದೆ, ಕಾಫಿ ಮೊನ್ನೆಯಿಂದ ಕಾಫಿಯ ಹಾಗಿದೆ. ಆಸ್ಪತ್ರೆಯಿಂದ ತಂದ ನೈಟಿ, ಟವೆಲ್ ಬೇರೆಯಾಗಿ ಎರಡು ಸಲ ಒಗೆದರೆ ಸಾಕು ಅಂತ ಆ ಹುಡುಗ ಹೇಳಿದ್ದ. ಅತ್ತೆ ಒಪ್ಪಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಹಾಕಿದ್ದಾರೆ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ 80ನೇ ದಿನಕ್ಕೆ ಕುಂಕುಮದಲ್ಲಿ ಬೊಟ್ಟು ಇಟ್ಟಿದ್ದಾರೆ. ಇನ್ನೂ 11 ದಿನ ಇದೆ.